ಇಬ್ಬರೂ ತಪ್ಪೇ ಮಾಡದಿದ್ದರೆ ಚೆಸ್‌ನಲ್ಲಿ ಗೆಲ್ಲೋದು ಯಾರು?

ಡೊಂಬಿವಲಿ_ಪದಾತಿ

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯ ಕನ್ನಡ ಮಕ್ಕಳ ಭಾನುವಾರದ ಚೆಸ್ ಕ್ಲಾಸಿಗೆ 40 ನಿಮಿಷದ ಒಂದು ಪಾಠ ತಯಾರು ಮಾಡಬೇಕಾಗಿದೆ. 8ರಿಂದ 14 ವಯಸ್ಸಿನವರು, ಆಟದ ನಿಯಮ ಎಲ್ಲರಿಗೂ ಗೊತ್ತು. 2025ರ ನವೆಂಬರ್‌ನಲ್ಲಿ ಗೋವಾದಲ್ಲಿ ಮುಗಿದ ವಿಶ್ವಕಪ್ ಫೈನಲ್‌ನಲ್ಲಿ ಎರಡೂ ಕ್ಲಾಸಿಕಲ್ (ಹೆಚ್ಚು ಸಮಯದ) ಆಟ ಡ್ರಾ ಆಗಿ, ಕಡಿಮೆ ಸಮಯದ ರ್‍ಯಾಪಿಡ್‌ಗೆ ಹೋದ ಮೇಲೆ ಸಿಂದರೋವ್ ವೇಯ್ ಯಿಯನ್ನು ಸೋಲಿಸಿದರಲ್ಲ, ಅಲ್ಲಿಂದ ಮಕ್ಕಳದು ಒಂದೇ ಪ್ರಶ್ನೆ: ಇಬ್ಬರೂ ಒಂದು ತಪ್ಪನ್ನೂ ಮಾಡದೆ ಆಡಿದರೆ ಏನಾಗುತ್ತದೆ?

ನನಗೆ ಬೇಕಾದದ್ದು ಮೂರು ವಿಷಯ. ಡ್ರಾ ಅಂತ ಯಾರಾದರೂ ಸಾಬೀತು ಮಾಡಿದ್ದಾರಾ, ಅಥವಾ ಅದು ಬರೀ ನಂಬಿಕೆಯಾ? ಮೊದಲು ನಡೆಸುವ ಬಿಳಿ ಕನಿಷ್ಠ ಪಕ್ಷ ಸೋಲುವುದಿಲ್ಲ ಅಂತ ತರ್ಕದಿಂದಲೇ ತೋರಿಸಬಹುದು ಅಂತಾರೆ, ಅದು ನಿಜವಾ? ಮತ್ತೆ ಇದನ್ನೆಲ್ಲ ಒಂದು ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ (8 ಜಿಬಿ ರ್‍ಯಾಮ್, ಡಿಸ್ಕ್‌ನಲ್ಲಿ 60 ಜಿಬಿ ಖಾಲಿ) ತೋರಿಸೋದು ಹೇಗೆ? ಹಾಲ್‌ನಲ್ಲಿ ನೆಟ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಕೋಥ್ರೂಡ್_ಕುದುರೆ

ನಮಸ್ಕಾರ್ರಿ ಸರ್. ಸಾಬೀತಾಗಿಲ್ಲರಿ. ಡ್ರಾ ಅಂತ ಹೆಚ್ಚುಕಡಿಮೆ ಎಲ್ಲಾ ಬಲ್ಲವರೂ ಒಪ್ಪತಾರ, ಆದ್ರ ಒಪ್ಪಿಗೆ ಬೇರೆ, ಸಾಬೀತು ಬೇರೆ. ಮಕ್ಕಳಿಗೆ ಈ ಎರಡನ್ನ ಕಲಸಿ ಹೇಳಬ್ಯಾಡ್ರಿ.

ಸಾಬೀತಾದದ್ದು ಇಷ್ಟು. 1913ರಲ್ಲಿ ಜರ್ಮನ್ ಗಣಿತಜ್ಞ ಜೆರ್ಮೆಲೊ ಚೆಸ್ ಬಗ್ಗೆ ಒಂದು ಪ್ರಬಂಧ ಬರೆದರು. ಅದರಿಂದ ಬರುವ ತೀರ್ಮಾನ: ಮೂರರಲ್ಲಿ ಒಂದು ಮಾತ್ರ ನಿಜ. ಬಿಳಿಗೆ ಖಚಿತ ಗೆಲುವಿನ ದಾರಿ ಇದೆ, ಅಥವಾ ಕಪ್ಪಿಗೆ ಇದೆ, ಅಥವಾ ಇಬ್ಬರಿಗೂ ಕನಿಷ್ಠ ಡ್ರಾ ಹಿಡಿಯುವ ದಾರಿ ಇದೆ. ದಾಳ ಇಲ್ಲ, ಮುಚ್ಚಿಟ್ಟ ಎಲೆ ಇಲ್ಲ, ಆಟ ಎಲ್ಲೋ ಒಂದು ಕಡೆ ಮುಗಿಯಲೇಬೇಕು. ಅಷ್ಟಿದ್ದರೆ ಉತ್ತರ ಇದ್ದೇ ಇರುತ್ತದೆ. ಯಾವುದು ಅಂತ ಆ ತರ್ಕ ಹೇಳುವುದಿಲ್ಲ.

ಕಂಪ್ಯೂಟರ್‌ಗೆ ಬಿಟ್ಟು ಲೆಕ್ಕ ಹಾಕಿಸಬಾರದೇಕೆ? ನಿಯಮಬದ್ಧ ಸ್ಥಿತಿಗಳ ಸಂಖ್ಯೆಯೇ ಅಡ್ಡಿ. ಜಾನ್ ಟ್ರಾಂಪ್ ಅವರ ಅಂದಾಜು ಸುಮಾರು 4.8 × 10^44. ಸೆಕೆಂಡಿಗೆ 100 ಕೋಟಿ ಸ್ಥಿತಿ ನೋಡುವ 100 ಕೋಟಿ ಯಂತ್ರ ಸಾಲಾಗಿ ಇಟ್ಟರೂ ಎಲ್ಲವನ್ನೂ ಒಮ್ಮೆ ಮುಟ್ಟಿ ಬರಲಿಕ್ಕೆ 1.5 × 10^19 ವರ್ಷ ಬೇಕು, ಅಂದ್ರ ಬ್ರಹ್ಮಾಂಡದ ಈಗಿನ ವಯಸ್ಸಿನ 100 ಕೋಟಿ ಪಟ್ಟಿಗಿಂತ ಹೆಚ್ಚು. 1950ರಲ್ಲಿ ಕ್ಲಾಡ್ ಶಾನನ್ ಕೊಟ್ಟ 10^120 ಅನ್ನುವ ಅಂಕಿ ಬೇರೆ. ಅದು ಆಡಬಹುದಾದ ಆಟಗಳ ಎಣಿಕೆ, ಸ್ಥಿತಿಗಳದ್ದಲ್ಲ. ಯೂಟ್ಯೂಬ್‌ನಾಗ ಇವೆರಡನ್ನ ಅದಲುಬದಲು ಮಾಡಿ ಹೇಳೋರು ಭಾಳ.

ಇನ್ನೊಂದು ಮಾತದ. ಡ್ರಾ ಅಂತ ಸಾಧಿಸಲಿಕ್ಕೆ ಎಲ್ಲಾ ಸ್ಥಿತಿ ನೋಡಬೇಕಂತಿಲ್ಲ. ಬಿಳಿ ಡ್ರಾ ಹಿಡಿಯುತ್ತದೆ ಅಂತ ತೋರಿಸುವಾಗ ಬಿಳಿಯದು ಪ್ರತಿ ಸಲ ಒಂದೇ ಒಳ್ಳೆಯ ನಡೆ ಸಾಕು, ಕಪ್ಪಿನವು ಮಾತ್ರ ಎಲ್ಲಾ ನಡೆ ಬೇಕು. ಆಮೇಲೆ ಕಪ್ಪಿನ ಪರವಾಗಿ ಅದೇ ಕೆಲಸ. ಆದರ್ಶ ಲೆಕ್ಕದಲ್ಲಿ ಕೆಲಸ ವರ್ಗಮೂಲದಷ್ಟಕ್ಕೆ ಇಳಿಯುತ್ತದೆ. ಚೆಕ್ಕರ್ಸ್ ಆಟವನ್ನ ಹೀಗೇ ಬಿಡಿಸಿದರು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಜೊನಾಥನ್ ಶೆಫರ್ ತಂಡ 1989ರಲ್ಲಿ ಶುರು ಮಾಡಿ 2007ರಲ್ಲಿ ಮುಗಿಸಿತು, ಉತ್ತರ ಡ್ರಾ. ಅಲ್ಲಿ ಒಟ್ಟು ಸ್ಥಿತಿ 5 × 10^20, ಮಾಡಿದ ಲೆಕ್ಕ ಸುಮಾರು 10^14. ವರ್ಗಮೂಲ 2 × 10^10 ಅಷ್ಟೇ. ಅಂದ್ರ ವಾಸ್ತವದ ಕೆಲಸ ಆದರ್ಶಕ್ಕಿಂತ ಸಾವಿರಾರು ಪಟ್ಟು ಬೆಳೀತು.

ಚೆಕ್ಕರ್ಸ್‌ಗೆ ಇದ್ದ ಅನುಕೂಲ ಚೆಸ್‌ಗೆ ಇಲ್ಲ, ನೋಡ್ರಿ. ಅಲ್ಲಿ ಕಾಯಿ ಹೊಡೆಯುವ ಅವಕಾಶ ಬಂದರೆ ಹೊಡೆಯಲೇಬೇಕು, ಹಾಗಾಗಿ ಹಲಗೆ ಬೇಗ ಖಾಲಿಯಾಗುತ್ತದೆ. 10 ಕಾಯಿಗಿಂತ ಕಮ್ಮಿ ಉಳಿದ ಎಲ್ಲಾ ಸ್ಥಿತಿಗಳ ಉತ್ತರ, ಜೊತೆಗೆ 10 ಕಾಯಿಯವೂ, ಸುಮಾರು 39 ಲಕ್ಷ ಕೋಟಿ, ಮೊದಲೇ ಬರೆದಿಟ್ಟಿದ್ದರು. ಆಟದ ಶುರುವಿನಿಂದ ಮುಂದಕ್ಕೆ ಹುಡುಕುತ್ತಾ ಬಂದವರು ಆ ಕೋಷ್ಟಕವನ್ನ ಬೇಗ ಮುಟ್ಟಿದರು. ಚೆಸ್‌ನಲ್ಲಿ 32 ಕಾಯಿಯಿಂದ ಶುರು, ನಮ್ಮ ಕೈಯಲ್ಲಿರುವ ಪೂರ್ತಿ ಕೋಷ್ಟಕ 7 ಕಾಯಿಯವರೆಗೆ ಮಾತ್ರ. ನಡುವೆ 25 ಕಾಯಿ. ಹೊಡಿಯಲೇಬೇಕು ಅನ್ನೂ ನಿಯಮಾನೂ ಇಲ್ಲ.

ಮಾಟುಂಗಾ_ಎಂಡ್‌ಗೇಮ್

ಕೋಥ್ರೂಡ್‌ನವರು ಹೇಳಿದ್ದು ಸರಿಯೇ, ಆದರೆ "ಸಾಬೀತಾಗಿಲ್ಲ" ಅಂತ ಹೇಳಿ ನಿಲ್ಲಿಸಿದರೆ ಮಕ್ಕಳು ಮೂರಕ್ಕೂ ಸಮ ಸಾಧ್ಯತೆ ಅಂದುಕೊಂಡು ಮನೆಗೆ ಹೋಗುತ್ತವೆ ಮಾರಾಯ್ರೆ. ಡ್ರಾ ಕಡೆಗೆ ಇರುವ ಪುರಾವೆ ಸಣ್ಣದಲ್ಲ.

ಮನುಷ್ಯರ ಆಟದಲ್ಲಿ ಬಿಳಿಗೆ ಸಿಗುವುದು ನೂರಕ್ಕೆ 54-55 ಅಂಕ. ಆದರೆ ಅದು ತಪ್ಪುಗಳ ಲೆಕ್ಕ. ಮೊದಲು ನಡೆಸುವವನ ಎದುರು ಕುಳಿತವನು ಸ್ವಲ್ಪ ಹೆಚ್ಚು ತಪ್ಪುತ್ತಾನೆ ಅಂತ ಮಾತ್ರ ಅದರಿಂದ ಗೊತ್ತಾಗುತ್ತದೆ. ನೋಡಬೇಕಾದದ್ದು ಆಟದ ಮಟ್ಟ ಏರಿದ ಹಾಗೆ ಡ್ರಾ ಎತ್ತ ಹೋಗುತ್ತದೆ ಅನ್ನುವುದನ್ನು. 2018ರಲ್ಲಿ ಕಾರ್ಲ್‌ಸನ್ ಮತ್ತು ಕರುವಾನಾ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 12 ಕ್ಲಾಸಿಕಲ್ ಆಟಕ್ಕೆ 12 ಡ್ರಾ. 2020ರಲ್ಲಿ ಡೀಪ್‌ಮೈಂಡ್‌ನವರು ಮಾಜಿ ವಿಶ್ವ ಚಾಂಪಿಯನ್ ಕ್ರಾಮ್ನಿಕ್ ಜೊತೆ ಸೇರಿ ಮಾಡಿದ ಅಧ್ಯಯನದಲ್ಲಿ ಅವರದೇ ಚೆಸ್ ಪ್ರೋಗ್ರಾಂ ಆಲ್ಫಾಝೀರೋ ತನ್ನೊಂದಿಗೆ ತಾನೇ ಆಡಿತು: ನಡೆಗೆ 1 ಸೆಕೆಂಡ್ ಕೊಟ್ಟಾಗ ಸುಮಾರು 88% ಡ್ರಾ, 1 ನಿಮಿಷ ಕೊಟ್ಟಾಗ ಸುಮಾರು 98%. ಯೋಚಿಸಲು ಸಮಯ ಹೆಚ್ಚಿದಷ್ಟೂ ಗೆಲುವು ಕರಗುತ್ತಾ ಹೋಗುತ್ತದೆ. ಬಿಳಿಗೆ ನಿಜವಾಗಿ ಗೆಲುವಿನ ದಾರಿ ಇದ್ದಿದ್ದರೆ, ಆಟ ಸುಧಾರಿಸಿದ ಹಾಗೆ ಬಿಳಿಯ ಗೆಲುವು ಏರಬೇಕಿತ್ತು.

ಅಂಚೆ ಚೆಸ್ ಇದಕ್ಕಿಂತ ಬಲವಾದ ಸಾಕ್ಷಿ. ಅಂತರರಾಷ್ಟ್ರೀಯ ಅಂಚೆ ಚೆಸ್ ಒಕ್ಕೂಟದ ಆಟಗಳಲ್ಲಿ ಎಂಜಿನ್ (ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂ) ಬಳಸಲು ಅನುಮತಿ ಇದೆ. 10 ನಡೆಗೆ 50 ದಿನದಂಥ ಸಮಯ ಸಿಗುತ್ತದೆ. ಅಲ್ಲಿನ ಮೇಲ್ಮಟ್ಟದ ಫೈನಲ್‌ಗಳಲ್ಲಿ ಗೆಲುವು ಅಪರೂಪ. ಎಂಜಿನ್‌ಗಳ ದೊಡ್ಡ ಪಂದ್ಯಾವಳಿಯಾದ ಟಿಸಿಇಸಿಯಲ್ಲಿ ಆರಂಭದ ಸ್ಥಿತಿಯಿಂದ ಆಡಲು ಬಿಡುವುದೇ ಇಲ್ಲ. ಬಿಟ್ಟರೆ ಡ್ರಾ ಮೇಲೆ ಡ್ರಾ. ಹಾಗಾಗಿ ಒಂದು ಕಡೆಗೆ ವಾಲಿದ ಓಪನಿಂಗ್ ಆರಿಸಿ, ಅದನ್ನೇ ಬಣ್ಣ ಬದಲಿಸಿ ಎರಡು ಸಲ ಆಡಿಸುತ್ತಾರೆ.

ಕಾರಣ ಆಟದ ಒಳಗೇ ಇದೆ. ಚೆಸ್‌ನಲ್ಲಿ ಮೇಲುಗೈ ಇದ್ದರೂ ಗೆಲ್ಲಲಾಗದ ಸ್ಥಿತಿಗಳು ರಾಶಿ. ಒಂಟಿ ರಾಜನ ಎದುರು ಒಂದು ಒಂಟೆ ಇದ್ದರೆ ಡ್ರಾ. ಎರಡು ಕುದುರೆ ಇದ್ದರೂ ಬಲವಂತದ ಮೇಟ್ ಇಲ್ಲ. ಎಚ್ ಸಾಲಿನ ಪದಾತಿಗೆ ಎಚ್8 ಮನೆಯ ಬಣ್ಣದ ಒಂಟೆ ಇಲ್ಲದಿದ್ದರೆ, ಎದುರಾಳಿ ರಾಜ ಆ ಮೂಲೆಗೆ ಸೇರಿಕೊಂಡರೆ ಮುಗಿಯಿತು. ಒಂಟೆ, ಪದಾತಿ ಎರಡೂ ಹೆಚ್ಚಿದ್ದೂ ಡ್ರಾ. ಜೊತೆಗೆ ಸ್ಟೇಲ್‌ಮೇಟ್, ಒಂದೇ ಸ್ಥಿತಿ ಮೂರು ಸಲ ಬರುವುದು, 50 ನಡೆಯ ನಿಯಮ (ಹೊಡೆತವೂ ಪದಾತಿ ನಡೆಯೂ ಇಲ್ಲದೆ 50 ನಡೆ ಕಳೆದರೆ ಡ್ರಾ). ಮೊದಲು ನಡೆಸುವುದರಿಂದ ಸಿಗುವ ಲಾಭ ಒಂದು ಪದಾತಿಯ ಕಾಲು ಭಾಗದಷ್ಟು ಅಂತ ಎಂಜಿನ್‌ಗಳ ಅಳತೆ. ಇಷ್ಟು ಅಗಲದ ಡ್ರಾ ಪಟ್ಟಿಯನ್ನು ಅಷ್ಟು ಸಣ್ಣ ಲಾಭ ದಾಟುವುದು ಕಷ್ಟ.

ಒಂದು ಎಚ್ಚರಿಕೆ. ಚೆಸ್ ಎಂಜಿನ್ ಸ್ಟಾಕ್‌ಫಿಶ್ ಆರಂಭದಲ್ಲಿ +0.2, +0.3 ಅಂತ ತೋರಿಸಿದ ಕೂಡಲೇ "ಬಿಳಿ ಸ್ವಲ್ಪ ಗೆಲ್ಲುತ್ತಿದೆ" ಅಂತ ಮಕ್ಕಳು ಕೂಗುತ್ತವೆ. ಹಾಗೆ ಓದಬಾರದು. 15.1 ಆವೃತ್ತಿಯಿಂದ +1.00 ಅಂದರೆ ಸ್ಟಾಕ್‌ಫಿಶ್ ತನ್ನಂಥದೇ ಎಂಜಿನ್ ಎದುರು ಆಡಿದರೆ ಆ ಸ್ಥಿತಿಯಿಂದ ಗೆಲ್ಲುವ ಸಾಧ್ಯತೆ 50% ಅಂತ ಹೊಂದಿಸಿದ್ದಾರೆ. ಅದು ಅಂದಾಜು. ಪರಿಪೂರ್ಣ ಆಟದ ಲೆಕ್ಕದಲ್ಲಿ ದಶಾಂಶಕ್ಕೆ ಜಾಗವೇ ಇಲ್ಲ: ಗೆಲುವು, ಡ್ರಾ, ಸೋಲು, ಅಷ್ಟೇ.

ಮಡಗಾಂವ್_ಮಂತ್ರಿ

ಎರಡನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ನಾನು ಹೇಳುತ್ತೇನೆ. ಬಿಳಿ ಸೋಲುವುದಿಲ್ಲ ಅನ್ನುವ ತರ್ಕ ಚೆಸ್‌ಗೆ ಒಪ್ಪುವುದಿಲ್ಲ.

ಆ ವಾದ ಹೀಗೆ: ಎರಡನೆಯವನಿಗೆ ಖಚಿತ ಗೆಲುವಿನ ದಾರಿ ಇದೆ ಅಂದುಕೊಳ್ಳಿ. ಮೊದಲನೆಯವನು ಏನೂ ಕೆಡದ ಒಂದು ನಡೆ ನಡೆಸಿ ತಾನೇ "ಎರಡನೆಯವನು" ಆಗಿಬಿಟ್ಟು ಅದೇ ದಾರಿ ಹಿಡಿಯಬಹುದು. ಇಬ್ಬರೂ ಗೆಲ್ಲಲಾಗದು, ಹಾಗಾಗಿ ವಿರೋಧಾಭಾಸ. ಹೆಕ್ಸ್ ಆಟದಲ್ಲಿ ಇದು ನಡೆಯುತ್ತದೆ, ಅಲ್ಲಿ ಹೆಚ್ಚುವರಿ ಕಾಯಿಯಿಂದ ಎಂದೂ ನಷ್ಟವಿಲ್ಲ. ಪ್ರತಿಯೊಬ್ಬರೂ ಒಟ್ಟಿಗೆ ಎರಡೆರಡು ನಡೆ ನಡೆಸುವ ಚೆಸ್‌ನಲ್ಲೂ ನಡೆಯುತ್ತದೆ: ಬಿಳಿ ಕುದುರೆಯನ್ನು ಬಿ1ರಿಂದ ಸಿ3ಗೆ ಒಯ್ದು ಮತ್ತೆ ಬಿ1ಗೆ ತರುತ್ತದೆ. ಹಲಗೆ ಇದ್ದ ಹಾಗೇ ಇದೆ, ಸರದಿ ಮಾತ್ರ ಕಪ್ಪಿನದು. ಆ ಆಟದಲ್ಲಿ ಬಿಳಿಗೆ ಕನಿಷ್ಠ ಡ್ರಾ ಅಂತ ಎರಡೇ ಸಾಲಿನಲ್ಲಿ ಸಾಬೀತು.

ನಮ್ಮ ಮಾಮೂಲಿ ಚೆಸ್‌ನಲ್ಲಿ ಸರದಿ ಬಿಟ್ಟುಕೊಡಲು ಆಗುವುದಿಲ್ಲ. 1.ಇ3 ಆಡಿ, ಕಪ್ಪು 1...ಇ5 ಆಡಿದರೆ, 2.ಇ4 ನಡೆಸಿ ಬಿಳಿ ಸರದಿ ದಾಟಿಸಿದ ಹಾಗಾಗುತ್ತದೆ: 1.ಇ4 ಇ5 ಆದ ಸ್ಥಿತಿಯೇ, ಆಡಬೇಕಾದವನು ಮಾತ್ರ ಕಪ್ಪು. ಆದರೆ ಕಪ್ಪು 1...ಇ5 ಆಡಲೇಬೇಕೆಂದು ಎಲ್ಲಿದೆ? 1...ಡಿ5 ಆಡಿದರೆ ಈ ಉಪಾಯ ಅಲ್ಲಿಗೇ ಮುಗಿಯಿತು.

ಸರದಿ ಬಂದದ್ದೇ ಶಾಪವಾಗುವ ಸ್ಥಿತಿಗೆ ಝುಗ್‌ಝ್ವಾಂಗ್ ಅನ್ನುತ್ತಾರೆ. ಮಕ್ಕಳಿಗೆ ಇದನ್ನು ಹಲಗೆ ಮೇಲೇ ಇಟ್ಟು ತೋರಿಸಿ: ಬಿಳಿ ರಾಜ ಡಿ5, ಬಿಳಿ ಪದಾತಿ ಇ4, ಕಪ್ಪು ರಾಜ ಎಫ್4, ಕಪ್ಪು ಪದಾತಿ ಇ5. ಎರಡೂ ಪದಾತಿ ಮುಖಾಮುಖಿ ಸಿಕ್ಕಿಕೊಂಡಿವೆ, ಪ್ರತಿ ರಾಜನೂ ತನ್ನದನ್ನು ಕಾಯುತ್ತಾ ಎದುರಿನದನ್ನು ಹೊಡೆಯಲು ನಿಂತಿದ್ದಾನೆ. ಯಾರ ಸರದಿಯೋ ಅವರ ರಾಜ ಕದಲಲೇಬೇಕು, ಪದಾತಿ ಹೋಗುತ್ತದೆ, ಆಟವೂ ಹೋಗುತ್ತದೆ. ಇಬ್ಬರು ಮಕ್ಕಳನ್ನು ಕೂರಿಸಿ "ನೀನೇ ಮೊದಲು ಆಡು" ಅಂತ ಜಗಳ ಆಡಿಸಿ, ಪಾಠ ತಾನಾಗಿ ಹತ್ತುತ್ತದೆ.

32 ಕಾಯಿಯ ಆರಂಭವೇ ಬಿಳಿಗೆ ಇಂಥದ್ದೊಂದು ಝುಗ್‌ಝ್ವಾಂಗ್ ಅಂತ ಯಾರೂ ನಂಬುವುದಿಲ್ಲ. ಆದರೆ ಅದನ್ನು ಅಲ್ಲಗಳೆಯುವ ಸಾಬೀತು ಇಲ್ಲ.

ಥಾಣೆ_ಟೇಬಲ್‌ಬೇಸ್

ಲ್ಯಾಪ್‌ಟಾಪ್ ಭಾಗಕ್ಕೆ ಬರುತ್ತೇನೆ. 60 ಜಿಬಿ ಧಾರಾಳ ಆಯ್ತು.

ಬೇಕಾದದ್ದು ಸಿಝಿಜಿ ಟೇಬಲ್‌ಬೇಸ್, ರೊನಾಲ್ಡ್ ಡಿ ಮಾನ್ ಮಾಡಿದ್ದು. ಕೆಲವೇ ಕಾಯಿ ಉಳಿದ ಎಲ್ಲಾ ಸ್ಥಿತಿಗಳ ಉತ್ತರ ಬರೆದಿಟ್ಟ ಕೋಷ್ಟಕ ಅದು. 3, 4, 5 ಕಾಯಿಯ ಪೂರ್ತಿ ಕಟ್ಟು ಸೇರಿ 1 ಜಿಬಿಗಿಂತ ಸ್ವಲ್ಪ ಕಮ್ಮಿ. 6 ಕಾಯಿಯದು ಸುಮಾರು 150 ಜಿಬಿ, ನಿಮ್ಮ ಡಿಸ್ಕ್‌ಗೆ ಹಿಡಿಸುವುದಿಲ್ಲ. 7 ಕಾಯಿಯದು 2018ರಲ್ಲಿ ಪೂರ್ತಿಯಾಯಿತು, ಹತ್ತಿರ ಹತ್ತಿರ 17 ಟೆರಾಬೈಟ್. ಒಂದು ಕಾಯಿ ಹೆಚ್ಚಾದರೆ ನೂರು ಪಟ್ಟಿಗೂ ಮಿಕ್ಕಿ ಉಬ್ಬುತ್ತದೆ, ಇದೇ ಅನುಪಾತ ಮಕ್ಕಳಿಗೆ ತೋರಿಸಿ. ಕೋಥ್ರೂಡ್ ಸರ್ ಹೇಳಿದ 25 ಕಾಯಿಯ ಅಂತರ ಆಗ ತಾನಾಗಿ ಅರ್ಥವಾಗುತ್ತದೆ.

ಇಳಿಸಿಕೊಳ್ಳುವಾಗ ಎರಡು ಬಗೆಯ ಫೈಲ್ ಇರುತ್ತವೆ, ತಲಾ 145. ಆರ್‌ಟಿಬಿಡಬ್ಲ್ಯೂ ಅಂತ ಮುಗಿಯುವುದರಲ್ಲಿ ಬರೀ ಫಲಿತಾಂಶ. ಆರ್‌ಟಿಬಿಝಡ್ ಅಂತ ಮುಗಿಯುವುದರಲ್ಲಿ ಮುಂದಿನ ಹೊಡೆತ ಅಥವಾ ಪದಾತಿ ನಡೆಗೆ ಎಷ್ಟು ದೂರ ಅನ್ನುವ ಲೆಕ್ಕ. ಮೊದಲನೆಯದು ಸಣ್ಣದು ಅಂತ ಅದೊಂದನ್ನೇ ಇಳಿಸಿಕೊಂಡು ಕೂರುವವರೇ ಜಾಸ್ತಿ. ಹಾಗೆ ಮಾಡಿದರೆ ಗೆಲುವಿನ ಸ್ಥಿತಿ ಅಂತ ಎಂಜಿನ್‌ಗೆ ಗೊತ್ತಿರುತ್ತದೆ, ಎತ್ತ ಹೋಗಬೇಕು ಅಂತ ಕೋಷ್ಟಕ ಹೇಳುವುದಿಲ್ಲ. ಕಷ್ಟದ ಸ್ಥಿತಿಗಳಲ್ಲಿ ಅಲ್ಲೇ ಸುತ್ತುತ್ತದೆ. 290 ಫೈಲ್ ಇವೆಯಾ ಅಂತ ಎಣಿಸಿಕೊಳ್ಳಿ.

ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ಹಾಕಿ, ಹೆಸರಿನಲ್ಲಿ ಖಾಲಿ ಜಾಗ ಬೇಡ. ಎಂಜಿನ್ ಸೆಟ್ಟಿಂಗ್‌ನಲ್ಲಿ ಸಿಝಿಜಿ ಪಾತ್ ಅನ್ನುವಲ್ಲಿ ಆ ದಾರಿ ಕೊಡಿ. ಎರಡು ಫೋಲ್ಡರ್ ಇದ್ದರೆ ವಿಂಡೋಸ್‌ನಲ್ಲಿ ನಡುವೆ ಸೆಮಿಕೋಲನ್, ಲಿನಕ್ಸ್‌ನಲ್ಲಿ ಕೋಲನ್. ಅದಲುಬದಲಾದರೆ ಕೋಷ್ಟಕ ಸಿಕ್ಕುವುದಿಲ್ಲ, ಎಂಜಿನ್ ಮಾತ್ರ ಏನೂ ಆಗದವರ ಹಾಗೆ ಆಡುತ್ತಲೇ ಇರುತ್ತದೆ. ಪಕ್ಕಾ ಮಾಡಿಕೊಳ್ಳಲು 5 ಕಾಯಿಯ ಸ್ಥಿತಿ ಇಟ್ಟು ವಿಶ್ಲೇಷಣೆ ಸಾಲಿನಲ್ಲಿ ಟಿಬಿ ಹಿಟ್ಸ್ (ಟೇಬಲ್‌ಬೇಸ್‌ನಲ್ಲಿ ಎಷ್ಟು ಸಲ ಉತ್ತರ ಸಿಕ್ಕಿತು ಅನ್ನುವ ಎಣಿಕೆ) ನೋಡಿ. 0 ಅಂತಲೇ ಇದ್ದರೆ ಪಾತ್ ತಪ್ಪಿದೆ. ನೆಟ್ ಇದ್ದ ದಿನ ಲೀಚೆಸ್‌ನಲ್ಲಿ 7 ಕಾಯಿವರೆಗೂ ಪುಕ್ಕಟೆ ನೋಡಬಹುದು.

ದೊಡ್ಡ ಮಕ್ಕಳು ಪೈಥಾನ್ ಕಲಿತಿದ್ದರೆ, ಟೇಬಲ್‌ಬೇಸ್ ಒಂದನ್ನು ಅವರ ಕೈಯಲ್ಲೇ ಕಟ್ಟಿಸಿ. ಬಿಳಿ ರಾಜ, ಬಿಳಿ ಆನೆ, ಕಪ್ಪು ರಾಜ; ಯಾರ ಸರದಿ ಅನ್ನುವುದೂ ಸೇರಿ 64 × 64 × 64 × 2 = 5,24,288 ಸ್ಥಿತಿ. ರಾಜರು ಅಕ್ಕಪಕ್ಕ ಇರುವುದು, ಒಂದೇ ಮನೆಯಲ್ಲಿ ಎರಡು ಕಾಯಿ ಇರುವುದು, ಬಿಳಿಯ ಸರದಿಯಲ್ಲಿ ಕಪ್ಪು ರಾಜ ಚೆಕ್‌ನಲ್ಲಿರುವುದು, ಇವನ್ನು ಮೊದಲೇ ತೆಗೆದುಹಾಕಿ. ಕಪ್ಪಿನ ಸರದಿಯಲ್ಲಿ ಈಗಾಗಲೇ ಮೇಟ್ ಆಗಿರುವ ಸ್ಥಿತಿಗಳಿಗೆ 0 ಅಂತ ಬರೆಯಿರಿ. ಒಂದೇ ನಡೆಯಲ್ಲಿ ಆ ಸ್ಥಿತಿಗೆ ತಲುಪಬಲ್ಲ ಬಿಳಿಯ ಸ್ಥಿತಿಗಳಿಗೆಲ್ಲ 1. ಕಪ್ಪು ಏನೇ ಆಡಿದರೂ ಈಗಾಗಲೇ ಗುರುತಾದ ಸ್ಥಿತಿಗೇ ಹೋಗಿ ಬೀಳುತ್ತಿದ್ದರೆ ಅದನ್ನೂ ಸೋಲು ಅಂತ ಗುರುತಿಸಿ. ಹೊಸ ಗುರುತು ಬೀಳದ ತನಕ ಹೀಗೇ ತಿರುಗಿಸಿ. ಕೊನೆಗೂ ಗುರುತಾಗದೆ ಉಳಿದದ್ದು ಡ್ರಾ. ಅತಿ ಉದ್ದದ ಗೆಲುವು 16 ನಡೆ ಅಂತ ಬಂದರೆ ಕೆಲಸ ಸರಿಯಾಗಿದೆ.

16 ಬರಲಿಲ್ಲ ಅಂದರೆ ಮೂರು ಜಾಗ ನೋಡಿ. ಸ್ಟೇಲ್‌ಮೇಟ್ ಅನ್ನು ಕಪ್ಪಿನ ಸೋಲು ಅಂತ ಗುರುತಿಸಿರುತ್ತಾರೆ ("ಎಲ್ಲಾ ನಡೆಯೂ ಸೋಲಿಗೆ" ಅನ್ನುವ ಷರತ್ತು, ನಡೆಯೇ ಇಲ್ಲದಾಗ ತಾನಾಗಿ ನಿಜವಾಗಿಬಿಡುತ್ತದೆ). ಕಪ್ಪು ರಾಜ ಕಾವಲಿಲ್ಲದ ಆನೆಯನ್ನು ಹೊಡೆಯಬಹುದು ಅನ್ನುವುದನ್ನು ಮರೆತಿರುತ್ತಾರೆ. ಇಲ್ಲದಿದ್ದರೆ ಆನೆಯ ಸಾಲಿನಲ್ಲೇ ರಾಜ ಹಿಂದಕ್ಕೆ ಸರಿದಾಗ, ಅವನು ಬಿಟ್ಟ ಮನೆಯನ್ನು ಇನ್ನೂ ತುಂಬಿದೆ ಅಂತ ಲೆಕ್ಕ ಹಿಡಿದು ಅವನನ್ನು ಸುರಕ್ಷಿತ ಅಂತ ಬಿಟ್ಟಿರುತ್ತಾರೆ. ಕೊನೆಯದು ಹೆಚ್ಚು ಸಲ ಆಗುವ ತಪ್ಪು.

ಡೊಂಬಿವಲಿ_ಪದಾತಿ

ಎಲ್ಲರಿಗೂ ಥ್ಯಾಂಕ್ಸ್. ಥಾಣೆ ಸರ್, ಇನ್ನೊಂದು ಸಂಶಯ. 290 ಫೈಲೂ ಹಾಕಿ ಟಿಬಿ ಹಿಟ್ಸ್ ಬರ್ತಿದೆ. ಆದರೆ ಕೋಷ್ಟಕದ ಪಟ್ಟಿಯಲ್ಲಿ ಮೊದಲು ಬರುವ ನಡೆಯನ್ನೇ ಆಡಿಸುತ್ತಾ ಹೋದರೆ ಕೆಲವು ಕಡೆ ಸುಮ್ಮನೆ ಕಾಯಿ ಕೊಟ್ಟುಬಿಡುತ್ತದೆ, ಗೆಲುವು ಮಾತ್ರ ಕೈತಪ್ಪುವುದಿಲ್ಲ. ಇದಾ "ಪರಿಪೂರ್ಣ" ಆಟ? ಮತ್ತೆ ಒಂದು ಕಡೆ "ಶಾಪಗ್ರಸ್ತ ಗೆಲುವು" ಅನ್ನುವ ಅರ್ಥದ ಮಾತು ಬಂತು, ಅದೇನು?

ಥಾಣೆ_ಟೇಬಲ್‌ಬೇಸ್

ಹೌದು, ಅದೂ ಪರಿಪೂರ್ಣವೇ. ಸಿಝಿಜಿ ಅಳೆಯುವುದು ಮೇಟ್‌ಗೆ ಎಷ್ಟು ದೂರ ಅಂತ ಅಲ್ಲ; 50 ನಡೆಯ ಎಣಿಕೆ ಸೊನ್ನೆಗೆ ಮರಳಲು ಎಷ್ಟು ದೂರ ಅಂತ. ಕಾಯಿ ಹೊಡೆತ ಬಿದ್ದರೆ ಎಣಿಕೆ ಸೊನ್ನೆ. ಹಾಗಾಗಿ ಆನೆಯನ್ನು ಕೊಟ್ಟೂ ಗೆಲುವು ಉಳಿಯುತ್ತದೆ ಅಂದರೆ, ಬೇಗ ಸೊನ್ನೆಯಾಗಲಿ ಅಂತ ಕೊಟ್ಟೇಬಿಡುತ್ತದೆ. ಮಕ್ಕಳ ಮುಂದೆ ಚಂದದ ಮೇಟ್ ಬೇಕಿದ್ದರೆ ಮೇಟ್ ದೂರವನ್ನೇ ಅಳೆಯುವ ನಲಿಮೊವ್ ಅಥವಾ ಗವಿಯೋಟಾ ಕೋಷ್ಟಕ ಹಾಕಿ, 5 ಕಾಯಿಗೆ ಸಾಕು.

ಶಾಪಗ್ರಸ್ತ ಗೆಲುವು ಅಂದರೆ 50 ನಡೆಯ ನಿಯಮ ಇಲ್ಲದಿದ್ದರೆ ಗೆಲುವು, ಇದ್ದರೆ ಡ್ರಾ. ಸಿಝಿಜಿಯಲ್ಲಿ ಹಾಗಾಗಿ ಫಲಿತಾಂಶ ಮೂರಲ್ಲ, ಐದು: ಗೆಲುವು, ಶಾಪಗ್ರಸ್ತ ಗೆಲುವು, ಡ್ರಾ, ವರಪಡೆದ ಸೋಲು (ಶಾಪಗ್ರಸ್ತ ಗೆಲುವನ್ನೇ ಎದುರಿನವನ ಕಡೆಯಿಂದ ನೋಡಿದ್ದು), ಸೋಲು. ಮಾಸ್ಕೋ ವಿಶ್ವವಿದ್ಯಾಲಯದಲ್ಲಿ 2012ರಲ್ಲಿ ತಯಾರಾದ 7 ಕಾಯಿಯ ಲೊಮೊನೊಸೊವ್ ಕೋಷ್ಟಕದಲ್ಲಿ ಸಿಕ್ಕ ಅತಿ ಉದ್ದದ ಮೇಟ್ 549 ನಡೆ, 50ರ ನಿಯಮ ಇಲ್ಲದೆ. ಆ ನಿಯಮವನ್ನು ಎಂಜಿನ್ ಲೆಕ್ಕಕ್ಕೆ ತೆಗೆದುಕೊಳ್ಳಬೇಕೋ ಬೇಡವೋ ಅನ್ನುವುದಕ್ಕೆ ಪಾತ್ ಕೊಟ್ಟ ಜಾಗದಲ್ಲೇ ಒಂದು ಟಿಕ್ ಇರುತ್ತದೆ. ಪಂದ್ಯದ ನಿಯಮದಂತೆ ಆಡಿಸಬೇಕಿದ್ದರೆ ತೆಗೆಯಬೇಡಿ.

ಇನ್ನೊಂದು, ಕ್ಯಾಸ್ಲಿಂಗ್ ಹಕ್ಕು ಉಳಿದಿರುವ ಸ್ಥಿತಿಗಳು ಈ ಕೋಷ್ಟಕದಲ್ಲಿ ಇರುವುದೇ ಇಲ್ಲ. ನೀವು ಹಲಗೆ ಹೊಂದಿಸುವಾಗ ರಾಜ ಇ1, ಆನೆ ಎಚ್1ರಲ್ಲಿ ಇದ್ದರೆ ಕೆಲವು ಆ್ಯಪ್‌ಗಳು ತಾವಾಗಿಯೇ ಆ ಹಕ್ಕಿಗೆ ಟಿಕ್ ಹಾಕಿಬಿಡುತ್ತವೆ, ಟಿಬಿ ಹಿಟ್ಸ್ ಕೈಕೊಡುತ್ತದೆ. ಹೊಂದಿಸುವ ಕಿಟಕಿಯಲ್ಲಿ ನಾಲ್ಕೂ ಟಿಕ್ ತೆಗೆದು ನೋಡಿ.

ಮಾಟುಂಗಾ_ಎಂಡ್‌ಗೇಮ್

ಸಣ್ಣ ಮಕ್ಕಳಿಗೆ ಚೆಸ್‌ನಿಂದ ಶುರು ಮಾಡಬೇಡಿ, ಸೊನ್ನೆ-ಕಾಟು ಆಟದಿಂದ ಶುರು ಮಾಡಿ. ಹಲಗೆ ತಿರುಗಿಸಿ, ಕನ್ನಡಿ ಹಿಡಿದು ಒಂದೇ ಆಗುವವನ್ನು ಒಂದೇ ಅಂತ ಎಣಿಸಿದರೆ ಅಲ್ಲಿ ಬರೀ 765 ಸ್ಥಿತಿ, ಉತ್ತರ ಡ್ರಾ. ಆಮೇಲೆ ತಲಾ 9 ಕಾಯಿಯ ಸಾಲುಮನೆ. ನಿಮ್ಮ ಅಕ್ಕಪಕ್ಕದ ಮರಾಠಿ ಮಕ್ಕಳಿಗೆ ನವಕಂಕರಿ ಅಂದರೆ ಗೊತ್ತಾಗುತ್ತದೆ. ಅದನ್ನು ರಾಲ್ಫ್ ಗಾಸರ್ 1993ರಲ್ಲಿ ಬಿಡಿಸಿದರು, ಅದೂ ಡ್ರಾ. ಆದರೆ "ಎಲ್ಲಾ ಆಟವೂ ಡ್ರಾ" ಅಂತ ಮಕ್ಕಳು ತೀರ್ಮಾನಿಸುವ ಮೊದಲು ಕನೆಕ್ಟ್ ಫೋರ್ ಹೇಳಿ: 1988ರಲ್ಲೇ ಬಿಡಿಸಿದ್ದಾರೆ, ಮೊದಲು ಆಡುವವನು ನಡುವಿನ ಸಾಲಿನಲ್ಲಿ ಹಾಕಿದರೆ ಗೆಲುವು ಅವನದೇ. ಕಾಯಿ ಕಳಕೊಂಡವನೇ ಗೆಲ್ಲುವ ಉಲ್ಟಾ ಚೆಸ್ ಕೂಡ 2016ರಲ್ಲಿ ಬಿಡಿಸಿಯಾಗಿದೆ, ಅಲ್ಲಿ 1.ಇ3 ಆಡಿದ ಬಿಳಿಗೇ ಗೆಲುವು. ಅದೇ ಹಲಗೆ, ಅದೇ 32 ಕಾಯಿ. ಅಲ್ಲಿ ಹೊಡೆತ ಕಡ್ಡಾಯ, ಹಾಗಾಗಿ ಕೋಥ್ರೂಡ್‌ನವರು ಚೆಕ್ಕರ್ಸ್ ಬಗ್ಗೆ ಹೇಳಿದ ಅನುಕೂಲ ಅದಕ್ಕೂ ಸಿಕ್ಕಿತು.